ಬಿಟ್ಟಿ ಆಟದ ಲೆಕ್ಕ

ಬ್ಲಾಗಿನ ಕಡೆ ತಲೆ ಹಾಕಿ ಆರು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಟ್ರಾಫಿಕ್ಕು... ಹಳೇ ನೆಪಗಳೇ, ಹೊಸದೇನೂ ಇಲ್ಲ :) ಆದರೆ ಈ ಸಲ ಊರಿಗೆ ಹೋದಾಗ ಅಪ್ಪ ಕೇಳಿದ ಒಂದು ಪ್ರಶ್ನೆ ತಲೆಯೊಳಗೆ ಕೊರೆಯುತ್ತಲೇ ಇದೆ. ಬರೆದು ಮುಗಿಸದೆ ಬಿಡುವ ಹಾಗೆ ಕಾಣಲಿಲ್ಲ. ಸ್ವಲ್ಪ ಉದ್ದದ ಪೋಸ್ಟು, ಕಾಫಿ ಹಿಡಿದುಕೊಂಡು ಕೂತರೆ ಒಳ್ಳೇದು.

ನಮ್ಮೂರು ಬಿಳಿಗೆರೆ. ನಂಜನಗೂಡು ತಾಲ್ಲೂಕಿನ ಒಂದು ಹೋಬಳಿ. ಸುತ್ತೂರು ಜಾತ್ರೆಗೆ ಬಂದವರಾದರೆ ನಮ್ಮ ಸೀಮೆ ನೋಡಿದ್ದೀರಿ ಅಂತಲೇ ಲೆಕ್ಕ. ಮೊನ್ನೆ ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತು ಅಂತ ಹೋಗಿದ್ದೆ. ಅಕ್ಕ ಕೂಡ ಮಗನನ್ನು ಕರೆದುಕೊಂಡು ಬಂದಿದ್ದಳು. ಎಂಟನೇ ಕ್ಲಾಸಿನ ಹುಡುಗ. ನಾನು ಬ್ಯಾಗು ಇಳಿಸುವುದಕ್ಕೂ ಬಿಡದೆ ಫೋನು ಮುಂದೆ ಹಿಡಿದ.

"ಮಾಮ, ಒಂದು ಆನ್‌ಲೈನ್ ಗೇಮ್ ಹಾಕ್ಕೊಡು. ನಮ್ ಕ್ಲಾಸೋರೆಲ್ಲಾ ಆಡ್ತಾರೆ. ಫ್ರೀ ಮಾಮ, ದುಡ್ಡೇ ಬೇಡ."

ಜಗಲಿ ಮೇಲೆ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ ಅಪ್ಪ ತಲೆ ಎತ್ತಿದರು.

"ಬಿಟ್ಟಿ ಆಡುಸ್ತಾರಾ? ಹಂಗಾರೆ ಅವ್ರ ಮನೆ ನಡೆಯೋದು ಹೆಂಗ್ಲಾ?"

ಕೈಯಲ್ಲಿ ಬಿ.ಇ. ಡಿಗ್ರಿ, ಏಳು ವರ್ಷದ ಸಾಫ್ಟ್‌ವೇರ್ ಅನುಭವ. ಜಾಹೀರಾತು ಬರ್ತವೆ, ಆಟದೊಳಗೆ ಸಾಮಾನು ಮಾರ್ತಾರೆ ಅಂತ ಏನೇನೋ ವಿವರಿಸಿದೆ. ಅಪ್ಪ ಎಲ್ಲಾ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ. ಕೊಡೋರು ಯಾರು, ಅದ ಹೇಳು" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಒಂದು ಉತ್ತರ ಹೊಳೆಯಿತು, ಬಾಯಿಗೆ ಬರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ 'ಬಿಟ್ಟಿ ಆಟ'ದ ಚರಿತ್ರೆಯನ್ನೇ ಒಮ್ಮೆ ನೋಡಿಬಿಡೋಣ.

ಅಪ್ಪ ಬಳಸಿದ ಪದದಿಂದಲೇ ಶುರು ಮಾಡುತ್ತೇನೆ. 'ಬಿಟ್ಟಿ' ಅಂದರೆ ಈಗ ನಮಗೆ ಪುಕ್ಕಟೆ ಅಂತ ಅರ್ಥ. ಆದರೆ ಇದು ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಪದ. ಹಳೇ ಶಾಸನಗಳಲ್ಲಿ ತೆರಿಗೆಗಳ ಜೊತೆಗೆ ಬಿಟ್ಟಿಯ ಹೆಸರೂ ಬರುತ್ತದೆ. ಅಂದರೆ ಕೂಲಿಯಿಲ್ಲದೆ ಮಾಡಿಕೊಡಲೇಬೇಕಾದ ಕೆಲಸ. 'ಬಿಟ್ಟಿ ಬೇಗಾರಿ' ಅನ್ನುವ ಮಾತು ನಮ್ಮಜ್ಜಿಯ ಬಾಯಲ್ಲಿ ಇತ್ತು. ಒಬ್ಬರಿಗೆ ಬಿಟ್ಟಿಯಾಗಿ ಸಿಕ್ಕಿದ್ದಕ್ಕೆ ಇನ್ನೊಬ್ಬರು ಬಿಟ್ಟಿ ದುಡಿದಿರುತ್ತಾರೆ. ಒಂದೇ ಪದಕ್ಕೆ ಎರಡೂ ಕಡೆಯ ಅರ್ಥ ಇದೆ ನೋಡಿ. ಈ ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಮೊದಲು ಕಲಿತ ಆಟ ಚೌಕಾಬಾರ. ಇದೇ ಜಗಲಿ ಮೇಲೆ. ಸೀಮೆಸುಣ್ಣದಲ್ಲಿ ಐದೈದು ಮನೆ ಎಳೆದರೆ ಮಣೆ ತಯಾರು. ನಾಲ್ಕು ಕವಡೆ, ಅದೂ ಇಲ್ಲದಿದ್ದರೆ ಹುಣಸೆ ಬೀಜ ಸೀಳಿ ಒಂದು ಮಗ್ಗುಲು ಉಜ್ಜಿದರೆ ಸಾಕು. ಕಾಯಿಗೆ ಬಳೆ ಚೂರು, ಕಲ್ಲು, ಕಾಫಿ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ನಮ್ಮ ಮನೆ ಕಾನೂನಿನ ಪ್ರಕಾರ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ನುಗ್ಗುವ ಹಾಗಿಲ್ಲ. ನಡುಮನೆ ಮುಟ್ಟಿದ ಕಾಯಿ 'ಹಣ್ಣು'. ರೂಲ್ ಬುಕ್ ಯಾರೂ ಕೊಡಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಂಜೆ ನನ್ನ ಕಾಯಿಯನ್ನೂ ತಾನೇ ನಡೆಸಿದಳು, ಐದನೇ ಸಂಜೆ ನನ್ನ ಕಾಯಿಯನ್ನು ಕಡಿದಳು :) ಆಟ ಬಂತು ಅಂತ ಗೊತ್ತಾಗಿದ್ದು ಆವಾಗಲೇ.

ಇಲ್ಲಿ ಕೊಟ್ಟವರು ಯಾರು? ಅಜ್ಜಿ. ಕೊಟ್ಟದ್ದು ಏನು? ನಾಲ್ಕು ಸಂಜೆ. ಲೆಕ್ಕ ಸರಳ.

ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ಇದೆ, ಇದಕ್ಕೆ ಪೂರ್ತಿ ಉಲ್ಟಾ. ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಇನ್ನೂ ಐದು ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಆಮೇಲೆ 1868ರಲ್ಲಿ ತೀರಿಕೊಳ್ಳುವ ತನಕ ಹೆಸರಿಗೆ ಮಾತ್ರ ರಾಜರು. ಆ ವರ್ಷಗಳಲ್ಲಿ ಸಾಹಿತ್ಯ, ಚಿತ್ರಕಲೆಯ ಜೊತೆಗೆ ಅವರು ಆಟಗಳ ಮೇಲೆ ಇಟ್ಟಿದ್ದ ಪ್ರೀತಿ ದೊಡ್ಡದು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯ 'ಕೌತುಕನಿಧಿ'ಯ ತುಂಬ ಆಟಗಳೇ. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟುವ 'ಕುದುರೆ ನಡೆ'ಯ ಲೆಕ್ಕಗಳನ್ನು ಬಿಡಿಸಿದರು. ಗಂಜೀಫವನ್ನು ಬೆಳೆಸಿ ಮೈಸೂರಿನ 'ಛದ' ಆಟಗಳನ್ನು ಮಾಡಿಸಿದರು. ಅದರಲ್ಲಿ ದೊಡ್ಡ ಆಟಗಳಿಗೆ ಮುನ್ನೂರಕ್ಕೂ ಮೇಲ್ಪಟ್ಟು ಎಲೆಗಳು, ಒಂದೊಂದೂ ಕೈಯಲ್ಲೇ ಚಿತ್ರ ಬಿಡಿಸಿದ್ದು.

ಒಂದು ಕ್ಷಣ ಯೋಚಿಸಿ. ಮುನ್ನೂರು ಚಿಲ್ಲರೆ ಎಲೆ ಬರೆಸಲು ದುಡ್ಡು ಬೇಕು, ಅವುಗಳ ದೇವತೆ, ವಾಹನ, ಲಾಂಛನ ನೆನಪಿಡಲು ಪುರುಸೊತ್ತು ಬೇಕು. ಎರಡೂ ಇದ್ದದ್ದು ಅರಮನೆಯಲ್ಲಿ. ಇವತ್ತು ಆ ಎಲೆಗಳನ್ನು ಗಾಜಿನ ಹಿಂದೆ ನೋಡಿ ಬೆರಗಾಗುತ್ತೇವೆ. ಹಳೇ ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ಕೊರೆದಿರುವ ಗೆರೆಗಳು ಮಾತ್ರ ಚೌಕಾಬಾರದವು, ಹುಲಿ-ಕುರಿಯವು. ಒಂದು ಆಟ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ಅದನ್ನು ಶುರು ಮಾಡಲು ಏನು ಬೇಕು ಅನ್ನುವುದೇ ಅದು ಯಾರ ಕೈಗೆ ಸೇರುತ್ತದೆ ಅಂತ ತೀರ್ಮಾನಿಸುತ್ತದೆ.

ಈಗ ಬಿಳಿಗೆರೆಯಿಂದ ಇಂಗ್ಲೆಂಡಿಗೆ ಹಾರಬೇಕು, ಯಾಕೆಂದರೆ ಅಳಿಯ ಕೇಳಿದ ಜಾತಿಯ ಆಟ ಹುಟ್ಟಿದ್ದು ಅಲ್ಲಿ. ಜಾತಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದೇ ಸಾಲು: ಊರ ನಾಟಕದಲ್ಲಿ ವೇಷ ಕಟ್ಟಿದ ಹಾಗೆ ಒಬ್ಬೊಬ್ಬರೂ ಒಂದು ಪಾತ್ರವಾಗಿ, ನೂರಾರು ಸಾವಿರಾರು ಜನ ಒಂದೇ ಲೋಕದೊಳಗೆ ಇರುವುದು. ನೀವು ಫೋನು ಆರಿಸಿದರೂ ಆ ಲೋಕ ಅಲ್ಲೇ ನಡೆಯುತ್ತಿರುತ್ತದೆ.

1978ರಲ್ಲಿ ಎಸೆಕ್ಸ್ ಯೂನಿವರ್ಸಿಟಿಯಲ್ಲಿ ರಾಯ್ ಟ್ರಬ್‌ಶಾ ಅನ್ನುವ ವಿದ್ಯಾರ್ಥಿ 'ಮಡ್' ಅನ್ನುವ ಆಟ ಬರೆಯಲು ಶುರು ಮಾಡಿದ. ಆಮೇಲೆ ಅದನ್ನು ಬೆಳೆಸಿದ್ದು ಅವನ ಗೆಳೆಯ ರಿಚರ್ಡ್ ಬಾರ್ಟಲ್. ಚಿತ್ರ ಇಲ್ಲ, ಶಬ್ದ ಇಲ್ಲ, ಬರೀ ಅಕ್ಷರ. 'ಉತ್ತರಕ್ಕೆ ಹೋಗು' ಅಂತ ಟೈಪ್ ಮಾಡಿದರೆ ಅಲ್ಲಿ ಏನಿದೆ ಅಂತ ಪರದೆ ಹೇಳುತ್ತದೆ. ಅಲ್ಲಿ ಇನ್ನೊಬ್ಬ ಮನುಷ್ಯನೂ ಇರಬಹುದು, ಮಾತಾಡಬಹುದು, ಇಲ್ಲಾ ಕತ್ತಿ ಹಿರಿಯಬಹುದು. ಹೊರಗಿನವರು ಮೋಡೆಮ್ ಹಾಕಿಕೊಂಡು ರಾತ್ರಿ ಹೊತ್ತು, ಯೂನಿವರ್ಸಿಟಿಯ ಕೆಲಸಕ್ಕೆ ಕಂಪ್ಯೂಟರ್ ಬೇಡವಾದ ಗಳಿಗೆಯಲ್ಲಿ, ಬಂದು ಆಡಬಹುದಿತ್ತು. ಆಟಕ್ಕೆ ಫೀಸು ಇರಲಿಲ್ಲ. ಫೋನ್ ಬಿಲ್ ಮಾತ್ರ ಅವರವರದೇ.

ಬಾರ್ಟಲ್ ಬಡ ಮನೆತನದಿಂದ ಬಂದವನು. ಹುಟ್ಟು, ಮಾತಿನ ಧಾಟಿ ನೋಡಿ ಮನುಷ್ಯನನ್ನು ಅಳೆಯುವ ಇಂಗ್ಲೆಂಡಿನ ರೀತಿಗೆ ಬೇಸತ್ತು, ಮಾಡಿದ್ದಕ್ಕೆ ತಕ್ಕ ಹಾಗೆ ಮೇಲೇರುವ ಒಂದು ಲೋಕ ಕಟ್ಟಬೇಕು ಅನ್ನುವ ಆಸೆ ಇತ್ತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಇವತ್ತು ಎಲ್ಲಾ ಗೇಮ್‌ಗಳಲ್ಲಿ ಇರುವ 'ಲೆವೆಲ್' ಅನ್ನುವ ಏಣಿಯ ಹಿಂದೆ ಇಂಥದ್ದೊಂದು ಸಿಟ್ಟು ಇತ್ತು ಅಂತ ಗೊತ್ತಾದಾಗ ನನಗಂತೂ ಖುಷಿಯಾಯ್ತು. 1996ರಲ್ಲಿ ಅವನೇ ಆಟಗಾರರನ್ನು ನಾಲ್ಕು ಜಾತಿ ಮಾಡಿದ: ಗೆಲ್ಲಲು ಬರುವವರು, ಸುತ್ತಿ ನೋಡಲು ಬರುವವರು, ಮಾತಾಡಲು ಬರುವವರು, ಕೊಲ್ಲಲು ಬರುವವರು. ಇಸ್ಪೀಟಿನ ನಾಲ್ಕು ರಂಗಿನ ಹೆಸರು ಕೊಟ್ಟು ಬರೆದ ಆ ಲೇಖನವನ್ನು ಗೇಮ್ ಮಾಡುವವರು ಇನ್ನೂ ಓದುತ್ತಾರೆ. ನಮ್ಮ ಜಗಲಿಯಲ್ಲೂ ಈ ನಾಲ್ಕೂ ಜನ ಇದ್ದರು ಬಿಡಿ :)

ಬಿಟ್ಟಿಯ ಕಾಲ ಬೇಗ ಮುಗಿಯಿತು. 1985ರಲ್ಲಿ ಅಮೆರಿಕದ ಕಂಪ್ಯೂಸರ್ವ್‌ನಲ್ಲಿ 'ಐಲ್ಯಾಂಡ್ ಆಫ್ ಕೆಸ್ಮಾಯ್' ಬಂತು. ಅದಕ್ಕೆ ಆಟೋ ಹಾಗೆ ಮೀಟರು! ನಿಧಾನದ ಕನೆಕ್ಷನ್ನಿಗೆ ಗಂಟೆಗೆ 6 ಡಾಲರ್, ಸ್ಪೀಡಿನದಕ್ಕೆ 12. ನಿಂತು ಯೋಚಿಸಿದರೂ ದುಡ್ಡು. 1997ರಲ್ಲಿ 'ಅಲ್ಟಿಮಾ ಆನ್‌ಲೈನ್' ಬಂದು, ಅಂಗಡಿಯಲ್ಲಿ ಡಬ್ಬಿ ಕೊಂಡು ಆಮೇಲೆ ತಿಂಗಳಿಗೆ ಸುಮಾರು 10 ಡಾಲರ್ ಕಟ್ಟುವ ಪದ್ಧತಿ ಜನಪ್ರಿಯವಾಯ್ತು. ಕೇಬಲ್ ಟಿವಿ ಥರ. ಇಂಡಿಯಾದಲ್ಲಿ ವಿ.ಎಸ್.ಎನ್.ಎಲ್. ಸಾಮಾನ್ಯ ಜನಕ್ಕೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದೇ 1995ರ ಆಗಸ್ಟ್ 15ರಂದು. ಕ್ರೆಡಿಟ್ ಕಾರ್ಡು, ಡಾಲರು... ನಮ್ಮ ಹುಡುಗರಿಗೆ ಅದು ಮುನ್ನೂರು ಎಲೆಯ ಛದ ಇದ್ದ ಹಾಗೆಯೇ.

ಬಾಗಿಲು ತೆರೆದದ್ದು ಎರಡು ಕಡೆಯಿಂದ. ಒಂದು, ದಕ್ಷಿಣ ಕೊರಿಯಾ. ಅಲ್ಲಿ ಬೀದಿಗೊಂದು 'ಪಿಸಿ ಬಾಂಗ್', ಅಂದರೆ ನಮ್ಮ ಸೈಬರ್ ಕೆಫೆಯಂಥದ್ದು. 'ನೆಕ್ಸಾನ್' ಅನ್ನುವ ಕಂಪನಿ ಆಟವನ್ನು ಪುಕ್ಕಟೆ ಬಿಟ್ಟು, ಆಟದೊಳಗಿನ ಬಟ್ಟೆಬರೆ, ಅಲಂಕಾರ ಮಾರಲು ಶುರು ಮಾಡಿತು. 2003ರಲ್ಲಿ ಬಂದ ಅವರ 'ಮೇಪಲ್‌ಸ್ಟೋರಿ' ಈ ದಾರಿಯಲ್ಲೇ ದೇಶದೇಶ ಸುತ್ತಿತು. ಇನ್ನೊಂದು, ಇಂಗ್ಲೆಂಡಿನ ಕೇಂಬ್ರಿಜ್. 2001ರ ಜನವರಿಯಲ್ಲಿ ಆಂಡ್ರ್ಯೂ ಗವರ್ ಅನ್ನುವ ಹುಡುಗ ಅಣ್ಣತಮ್ಮಂದಿರ ಜೊತೆ ಸೇರಿ 'ರೂನ್‌ಸ್ಕೇಪ್' ಬಿಟ್ಟ. ಜಾವಾದಲ್ಲಿ ಬರೆದದ್ದು, ಬ್ರೌಸರಿನಲ್ಲೇ ಓಡುತ್ತಿತ್ತು. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. 2002ರ ಫೆಬ್ರವರಿಯಲ್ಲಿ, ಬೇಕಾದವರು ತಿಂಗಳಿಗೆ 5 ಡಾಲರ್ ಕೊಟ್ಟು ಮೆಂಬರ್ ಆಗಬಹುದು ಅಂತ ಮಾಡಿದರು. ಮೆಂಬರಿಗೆ ದೊಡ್ಡ ಲೋಕ, ಬಿಟ್ಟಿಯವರಿಗೆ ಅದರಲ್ಲೊಂದು ತುಂಡು. ಆ ತುಂಡಿಗೆ ಮಾತ್ರ ಕಾಸು ಕೇಳಲಿಲ್ಲ.

ಆ ತುಂಡಿನೊಳಗೆ 2010ರ ಬೇಸಿಗೆಯಲ್ಲಿ ನಾನು ಕಾಲಿಟ್ಟೆ.

ಏಳನೇ ಕ್ಲಾಸು ಮುಗಿದಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನಂಜನಗೂಡಿನ ಒಂದು ಸೈಬರ್ ಕೆಫೆ, ಗಂಟೆಗೆ 15 ರೂಪಾಯಿ. ಅಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವ ಹಾಗಿರಲಿಲ್ಲ, ಅದಕ್ಕೇ ಬ್ರೌಸರ್ ಆಟವೇ ಗತಿ. ಚಿಕ್ಕವರಿಗೆ ಮನಸ್ಸಿಗೆ ಬಂದದ್ದು ಟೈಪ್ ಮಾಡಿ ಮಾತಾಡಲು ಬಿಡುತ್ತಿರಲಿಲ್ಲ ಅಂತ ವಯಸ್ಸು ಹದಿನಾರು ಅಂತ ಸುಳ್ಳು ಹಾಕಿದೆ. ಮೀಸೆ ಇರುವ ಮುಖ ಆರಿಸಿಕೊಂಡೆ :)

ಲಂಬ್ರಿಜ್ ಅನ್ನುವ ಊರಿನ ಕೋಟೆ. ಅಡಿಗೆಮನೆಯಲ್ಲಿ ಅಡಿಗೆಭಟ್ಟ ತಲೆ ಮೇಲೆ ಕೈ ಹೊತ್ತು ನಿಂತಿದ್ದಾನೆ. ಪಾಳೆಗಾರನ ಹುಟ್ಟುಹಬ್ಬಕ್ಕೆ ಕೇಕು ಮಾಡಬೇಕು, ಮೊಟ್ಟೆ, ಹಾಲು, ಹಿಟ್ಟು ತಂದುಕೊಡು ಅಂತಾನೆ. ಎಷ್ಟೋ ಜನರಿಗೆ ಅದೇ ಮೊದಲ ಕೆಲಸ. ಮೊಟ್ಟೆ ಸಿಕ್ಕಿತು. ಹಸುವಿನ ಹತ್ತಿರ ಹೋಗಿ ಬಕೆಟ್ಟಿಗೆ ಹಾಲು ಕರೆದೆ. ಹಿಟ್ಟಿಗೆ ಮಾತ್ರ ಒದ್ದಾಡಿದೆ. ಗೋಧಿ ಕಿತ್ತು, ಗಾಳಿಗಿರಣಿಯ ಮೇಲಂತಸ್ತು ಹತ್ತಿ, ಸುರಿದು, ಹಿಡಿ ಎಳೆದು ಕೆಳಗೆ ಬಂದರೆ ಹಿಟ್ಟು ಇದೆ, ತುಂಬಿಸಿಕೊಳ್ಳಲು ಆಗುತ್ತಿಲ್ಲ. ಮೂರು ಸಲ ಹತ್ತಿ ಇಳಿದೆ. ಗಂಟೆಯ ಮುಕ್ಕಾಲು ಪಾಲು ಅಲ್ಲೇ ಹೋಯ್ತು.

ಆಗ ಕೆಂಪು ಅಂಗಿಯ ಒಬ್ಬ ಆಟಗಾರ ಪಕ್ಕಕ್ಕೆ ಬಂದು ನಿಂತ. 'ಪಾಟ್?' ಅಂತ ಒಂದೇ ಪದ ಟೈಪ್ ಮಾಡಿದ. ನನಗೆ ಅರ್ಥವಾಗಲಿಲ್ಲ. 'ಫಾಲೋ ಮಿ' ಅಂದ. ಕೋಟೆಯ ಅಡಿಗೆಮನೆಗೆ ಕರೆದುಕೊಂಡು ಹೋಗಿ ಮೇಜಿನ ಮೇಲಿದ್ದ ಮಡಕೆ ತೋರಿಸಿದ. ಹಿಟ್ಟು ತುಂಬಲು ಪಾತ್ರೆ ಬೇಡವೇ! ಅವ್ವ ಗಿರಣಿಗೆ ಡಬ್ಬ ಇಲ್ಲದೆ ಯಾವತ್ತಾದರೂ ಕಳಿಸಿದ್ದಾಳಾ? ಆ ಮನುಷ್ಯ ಫಿಲಿಪ್ಪೀನ್ಸಿನವನಂತೆ. ಅವನ ಇಂಗ್ಲಿಷೂ ನನ್ನ ಹಾಗೆಯೇ ಮುರುಕು. ಅದರಿಂದಲೇ ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು. ಅಜ್ಜಿಯ ಜಾಗದಲ್ಲಿ ಅವನು ಕೂತ ಅಂತ ಈಗ ಅನ್ನಿಸುತ್ತದೆ.

ಅವನು ನನಗೆ ಒಳ್ಳೇ ಕತ್ತಿಯೊಂದನ್ನು ಕೊಡಬಹುದಿತ್ತಲ್ಲಾ? ಆಗ ಅದು ಆಗುತ್ತಿರಲಿಲ್ಲ, ಅದಕ್ಕೊಂದು ಕಥೆ ಇದೆ. ಬಿಟ್ಟಿ ಆಟದೊಳಗೆ ನಾಣ್ಯ ಗಳಿಸಿ, ಹೊರಗೆ ನಿಜವಾದ ದುಡ್ಡಿಗೆ ಮಾರುವ ದಂಧೆ ಹುಟ್ಟಿತ್ತು. ಗಂಟೆಗಟ್ಟಲೆ ಮರ ಕಡಿಯುವುದು, ಮೀನು ಹಿಡಿಯುವುದು, ಇದನ್ನೇ ಕೂಲಿಯಾಗಿ ಮಾಡುವವರು, ಕೂಲಿಯವರ ಬದಲು ಪ್ರೋಗ್ರಾಮ್ ಓಡಿಸುವವರು. ಕದ್ದ ಕ್ರೆಡಿಟ್ ಕಾರ್ಡುಗಳ ವ್ಯವಹಾರವೂ ಅದರ ಜೊತೆ ಸೇರಿತು. ಕಂಪನಿ 2007ರ ಡಿಸೆಂಬರಿನಲ್ಲಿ, ಒಬ್ಬರು ಇನ್ನೊಬ್ಬರಿಗೆ ಬೆಲೆಬಾಳುವ ಸಾಮಾನು ಸುಮ್ಮನೆ ಕೊಡುವುದನ್ನೇ ಕಟ್ಟುಮಾಡಿತು. ಕಳ್ಳರ ಜೊತೆ ದಾನಿಗಳ ಕೈಯನ್ನೂ ಕಟ್ಟಿದಂತಾಯ್ತು. ಆಟಗಾರರ ಓಟು ಕೇಳಿ, 2011ರ ಫೆಬ್ರವರಿಯಲ್ಲಿ ಮತ್ತೆ ಬಿಟ್ಟರು. ನಾನು ಬಂದದ್ದು ಆ ನಡುವಿನ ಬರಗಾಲದಲ್ಲಿ. ಕೊಡಬಹುದಾಗಿದ್ದ ದೊಡ್ಡ ವಸ್ತು ಒಂದೇ, ಗೊತ್ತಿರುವುದನ್ನು ಹೇಳಿಕೊಡುವುದು.

ಆಮೇಲಿನ ಚರಿತ್ರೆ ಇನ್ನೂ ವಿಚಿತ್ರ. 2007ರ ಆಗಸ್ಟಿನ ಒಂದು ಬ್ಯಾಕಪ್ ಸಿಕ್ಕಿತು ಅಂತ 2013ರ ಫೆಬ್ರವರಿಯಲ್ಲಿ ಹಳೇ ಆಟವನ್ನೇ 'ಓಲ್ಡ್ ಸ್ಕೂಲ್' ಅಂತ ಮತ್ತೆ ತೆರೆದರು. (ಬ್ಯಾಕಪ್ ಇಡಿ ಅಂತ ನಮ್ಮ ಟೀಮಿನಲ್ಲಿ ನಾನು ಬಡಕೊಳ್ಳುವುದು ಇದಕ್ಕೇ!) 2015ರಲ್ಲಿ ಅದರಲ್ಲೂ ಬಿಟ್ಟಿ ತುಂಡು ಬಂತು, 2018ರ ಅಕ್ಟೋಬರಿನಲ್ಲಿ ಫೋನಿಗೂ ಬಂತು. ಈ ನಡುವೆ 'ಬಾಂಡ್' ಅನ್ನುವ ವಸ್ತು ತಂದರು. ದುಡ್ಡಿರುವವನು ನಿಜವಾದ ಕಾಸು ಕೊಟ್ಟು ಬಾಂಡ್ ಕೊಳ್ಳುತ್ತಾನೆ. ಪುರುಸೊತ್ತಿರುವವನು ಆಟದೊಳಗೆ ದುಡಿದ ನಾಣ್ಯ ಕೊಟ್ಟು ಅದನ್ನು ಅವನಿಂದ ಪಡೆದು ಮೆಂಬರ್ ಆಗುತ್ತಾನೆ. ನೋಡಿದರೆ ನ್ಯಾಯವಾದ ವ್ಯಾಪಾರವೇ. ಆದರೆ ಶಾಸನದ 'ಬಿಟ್ಟಿ' ನೆನಪಾಗದೆ ಇರುತ್ತದಾ? ವೆನೆಜುವೆಲಾದಲ್ಲಿ ದುಡ್ಡಿಗೆ ಬೆಲೆಯೇ ಇಲ್ಲದಂತಾದ ವರ್ಷಗಳಲ್ಲಿ, 2017ರಿಂದೀಚೆಗೆ, ಅಲ್ಲಿನ ಎಷ್ಟೋ ಜನ ಇದೇ ಆಟದಲ್ಲಿ ದಿನವಿಡೀ ಡ್ರ್ಯಾಗನ್ ಕೊಂದು, ನಾಣ್ಯ ಮಾರಿ ದಿನಸಿ ತಂದರು. ಒಬ್ಬನಿಗೆ ಆಟ, ಇನ್ನೊಬ್ಬನಿಗೆ ಅದೇ ಕೂಲಿ. ಒಂದೇ ಡ್ರ್ಯಾಗನ್.

ನಮ್ಮಲ್ಲಿ ಬಾಗಿಲು ನಿಜವಾಗಿ ಹಾರು ಹೊಡೆದದ್ದು 2016ರ ಸೆಪ್ಟೆಂಬರಿನಲ್ಲಿ, ಜಿಯೋ ಬಂದು ಡೇಟಾ ಅಗ್ಗವಾದಾಗ. ಸೈಬರ್ ಕೆಫೆ ಜೇಬಿಗೇ ಬಂತು. ಪಬ್‌ಜಿ ಜ್ವರ, 2020ರ ಸೆಪ್ಟೆಂಬರಿನಲ್ಲಿ ಅದರ ನಿಷೇಧ, ಇವೆಲ್ಲಾ ನಿಮಗೂ ಗೊತ್ತಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾನೂನು ಮಾಡಿ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಪಗಡೆಯಲ್ಲಿ ರಾಜ್ಯ ಕಳಕೊಂಡ ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಆ ಅಪಾಯ ಹೊಸದಲ್ಲ. ಆದರೆ ಬಿಟ್ಟಿ ಆಟದಲ್ಲಿ ಪಣ ಇಲ್ಲ. ಗೆದ್ದು ತರಲು ಏನೂ ಇಲ್ಲ. ಒಂದು ಟೋಪಿ, ಒಂದು ಬಂದೂಕಿನ ಬಣ್ಣ, ಒಳಗೇನಿದೆ ಅಂತ ಗೊತ್ತಿಲ್ಲದ ಒಂದು ಪೆಟ್ಟಿಗೆ. ಇಂಥ ಪೆಟ್ಟಿಗೆಗಳೂ ಜೂಜೇ ಅಂತ ಬೆಲ್ಜಿಯಂ 2018ರಲ್ಲೇ ಹೇಳಿತು.

ನನ್ನ ಹೊಟ್ಟೆಪಾಡಿನ ಮಾತೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಗೇಮ್ ಕಂಪನಿಯಲ್ಲಿಲ್ಲ. ಆದರೆ ನಮ್ಮ ಆಪ್‌ಗೆ ಹೊಸಬರು ಬಂದರೆ ಮಾರನೇ ದಿನ ಎಷ್ಟು ಜನ ವಾಪಸ್ ಬಂದರು, ಏಳನೇ ದಿನ ಎಷ್ಟು, ಮೂವತ್ತನೇ ದಿನ ಎಷ್ಟು ಅಂತ ತೋರಿಸುವ ಗ್ರಾಫು ಮಾಡುವುದು ನನ್ನ ಕೆಲಸ. ಮೊದಲ ಹತ್ತು ನಿಮಿಷದಲ್ಲಿ ಎಲ್ಲಿ ಎಡವುತ್ತಾರೆ, ಅಲ್ಲಿ ಏನು ಕೊಟ್ಟರೆ ನಿಲ್ಲುತ್ತಾರೆ, ಇದೇ ನಮ್ಮ ಮೀಟಿಂಗು. ಅಜ್ಜಿ ಮತ್ತು ಕೆಂಪು ಅಂಗಿಯವನು ಮಾಡುತ್ತಿದ್ದ ಕೆಲಸವನ್ನು ಈಗ ಬಾಣದ ಗುರುತು, ಮಿನುಗುವ ಬಟನ್ನು, 'ನಾಳೆ ಬಂದರೆ ಉಡುಗೊರೆ' ಅನ್ನುವ ಮೆಸೇಜು ಮಾಡುತ್ತವೆ. ಅಜ್ಜಿಗೆ ನಾನು ಆಟ ಕಲಿಯಬೇಕಿತ್ತು. ಬಟನ್ನಿಗೆ ನಾನು ನಾಳೆ ಬರಬೇಕು. ನೂರು ಜನ ಬಿಟ್ಟಿ ಆಡುವವರಲ್ಲಿ ದುಡ್ಡು ಕೊಡುವವರು ಕೆಲವರೇ. ಹಾಗಾದರೆ ಉಳಿದವರು ಯಾಕೆ ಬೇಕು? ದುಡ್ಡು ಕೊಟ್ಟು ಕೊಂಡ ಟೋಪಿಯನ್ನು ನೋಡುವವರು ಬೇಡವೇ? ಜಾತ್ರೆಯಲ್ಲಿ ಜನವೇ ಇಲ್ಲದಿದ್ದರೆ ತೇರು ಯಾರಿಗೆ? ಆ ಜನ ಆಗುವುದೇ ನಾವು ಮಾಡುವ ಬಿಟ್ಟಿ ಕೆಲಸ.

ಇಷ್ಟು ಹೊತ್ತಿಗೆ ಅಪ್ಪನ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕಿತು. ಉಳಿದ ಕಾಲು ಭಾಗ ನನ್ನದೇ.

ಗಂಟೆಗೆ 15 ರೂಪಾಯಿ, ಹೋಗಿ ಬರಲು ಬಸ್ ಚಾರ್ಜು. ಹದಿಮೂರು ವರ್ಷದ ಹುಡುಗನಿಗೆ ಅದೆಲ್ಲಿಂದ ಬಂತು? ನಮ್ಮ ಮನೆಯಲ್ಲಿ ಆಗ ಎರಡು ಹಸು. ಡೈರಿಗೆ ಹಾಲು ಹಾಕಿದ ದುಡ್ಡು ಬಟವಾಡೆಯಾದ ದಿನ ಅವ್ವ ಅದನ್ನು ಸಾಸಿವೆ ಡಬ್ಬದಲ್ಲಿ ಇಡುತ್ತಿದ್ದಳು. ಆ ಬೇಸಿಗೆ ಪೂರ್ತಿ ನಾನು ಅದರಿಂದ ಇಪ್ಪತ್ತು, ಮೂವತ್ತು ಅಂತ ತೆಗೆದೆ. ಎಲ್ಲಾ ಸೇರಿ ಸುಮಾರು 600 ರೂಪಾಯಿ ಇರಬೇಕು. ಅವ್ವ ಬೆಳಗಿನ ಐದು ಗಂಟೆಗೆ ಎದ್ದು ಕರೆದ ಹಾಲಿನ ದುಡ್ಡನ್ನು ಕದ್ದು ಹೋಗಿ, ನಾನು ಸೈಬರಿನಲ್ಲಿ ಕೂತು ಹಸುವಿನ ಹಾಲು ಕರೆಯುತ್ತಿದ್ದೆ. ಫ್ರೀ ಗೇಮ್!

ಇದನ್ನು ಹದಿನೈದು ವರ್ಷ ಯಾರಿಗೂ ಹೇಳಿರಲಿಲ್ಲ. ಎರಡನೇ ದಿನ ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

"ಆ ವರ್ಷ ಹಿಂಡಿ ರೇಟು ಜಾಸ್ತಿಯಾಯ್ತು ಅಂತ ನಿಮ್ಮವ್ವ ಹೇಳಿದ್ಲು ಕಣ್ಲಾ. ನಾನು ಅಂಗಡೀಲಿ ಕೇಳ್ದೆ. ಏನೂ ಆಗಿರ್ಲಿಲ್ಲ" ಅಂದರು.

ಅಂದರೆ ಅವ್ವನಿಗೆ ಗೊತ್ತಿತ್ತು. ಅಪ್ಪನಿಂದ ನನ್ನನ್ನು ಮರೆಮಾಡಲು ಹಿಂಡಿ ಲೆಕ್ಕ ಹೇಳಿದ್ದಳು. ಅಪ್ಪನಿಗೆ ಅವ್ವನ ಸುಳ್ಳು ಗೊತ್ತಿತ್ತು, ಅವರೂ ಸುಮ್ಮನಿದ್ದರು. ಕೊಡೋರು ಯಾರು ಅಂತ ಅಪ್ಪ ಕೇಳಿದ್ದು ಇದಕ್ಕೋ, ಸುಮ್ಮನೇನೋ, ನಾನು ಕೇಳಲು ಹೋಗಲಿಲ್ಲ. ಒಳಗಿನಿಂದ ಅವ್ವನ ದನಿ ಬಂತು: "ಆಟದಲ್ಲಿ ಹಾಲು ಕರೆಯೋದ ಕಲ್ತಿದ್ಯಲ್ಲ, ನಾಳೆ ಕೊಟ್ಟಿಗೇಗೆ ಬಾ. ನಂಗೂ ಮಂಡಿ ನೋವು."

ಮಾರನೇ ದಿನ ಕೊಟ್ಟಿಗೆಗೆ ಹೋದೆ. ಹಸು ಒದೆಯಿತು. ಅದು ಬೇರೆ ಕಥೆ :)

ಅಳಿಯನಿಗೆ ಆಟ ಹಾಕಿಕೊಟ್ಟೆ. ಹದಿಮೂರು ತುಂಬಿದೆ, ವಯಸ್ಸು ಸುಳ್ಳು ಹೇಳಬೇಕಾಗಲಿಲ್ಲ. ಅವನ ಗೆಳೆಯರು ಆಡುವ ಗುಂಡಿನ ಆಟ ಅಲ್ಲ, ನನ್ನ ಹಳೇ ಆಟವೇ. ಸ್ವಲ್ಪ ಮುಖ ಊದಿಸಿಕೊಂಡ. ನಿಮ್ಮ ಮನೆಯಲ್ಲೂ ಯಾರಾದರೂ ಕೇಳಿದರೆ ಉಪಯೋಗಕ್ಕೆ ಬರಲಿ ಅಂತ ನಾನು ಮಾಡಿದ್ದನ್ನು ಹೇಳುತ್ತೇನೆ. ಆ ಫೋನಿನಲ್ಲಿ ಯು.ಪಿ.ಐ., ಕಾರ್ಡು ಎರಡೂ ತೆಗೆಸಿದೆ, ಪ್ಲೇ ಸ್ಟೋರಿನಲ್ಲಿ ಏನು ಕೊಳ್ಳಬೇಕಾದರೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ ಅದನ್ನು ಅಕ್ಕನ ಕೈಗೆ ಕೊಟ್ಟೆ. ನೋಟಿಫಿಕೇಶನ್ ಪೂರ್ತಿ ಬಂದ್. ಮನೆ, ಶಾಲೆ, ಫೋನ್ ನಂಬರು ಯಾರಿಗೂ ಹೇಳಬಾರದು, ಪಾಸ್‌ವರ್ಡ್ ಕೇಳಿದವನು ಯಾರೇ ಆಗಲಿ ಕಳ್ಳನೇ, ನಿನ್ನ ಚಿನ್ನ ಡಬಲ್ ಮಾಡಿಕೊಡ್ತೀನಿ ಅಂದವನೂ ಕಳ್ಳನೇ. ಆಟದಲ್ಲಿ ಕನ್ನಡ ಇಲ್ಲ, ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಬೇಕಾದ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದುಕೊಟ್ಟೆ. ಮುಖ್ಯವಾಗಿ, ಮೊದಲ ನಾಲ್ಕು ಸಂಜೆ ಪಕ್ಕದಲ್ಲಿ ಕೂತೆ. ಎರಡು ಸಂಜೆ ಊರಲ್ಲಿ, ಎರಡು ಸಂಜೆ ಬೆಂಗಳೂರಿನಿಂದ, ಆಟದೊಳಗೇ.

ಮೂರನೇ ಸಂಜೆ ಅವನು ಗಿರಣಿಯ ಕೆಳಗೆ ನಿಂತು ಒದ್ದಾಡುತ್ತಿದ್ದ. ಹೇಳಿಬಿಡೋಣ ಅಂತ ಬಾಯಿ ತನಕ ಬಂತು. ತಡೆದುಕೊಂಡೆ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಕೇಳಿದ, "ಮಾಮ, ಹಿಟ್ಟು ಹಾಕ್ಕೊಳ್ಳೋಕೆ ಏನಾದ್ರೂ ಬೇಕಲ್ವಾ? ಅಜ್ಜಿ ಡಬ್ಬ ಕೊಟ್ಟು ಕಳಿಸ್ತಾರಲ್ಲ ಹಂಗೆ?"

ನನಗಿಂತ ಬುದ್ಧಿವಂತ.

ಅಪ್ಪ ಈಗಲೂ ಅವನ ಆಟ ನೋಡಿ ಮೂಗು ಮುರಿಯುತ್ತಾರಂತೆ. ಆದರೆ ಸಂಜೆ ಅರ್ಧ ಗಂಟೆ ಫೋನು, ಆಮೇಲೆ ತಾತನ ಜೊತೆ ಒಂದು ಆಟ ಚೌಕಾಬಾರ ಅಂತ ಇಬ್ಬರ ನಡುವೆ ಒಪ್ಪಂದ ಆಗಿದೆ, ರಜೆಗೆ ಬಂದಾಗಲೆಲ್ಲಾ. ಕವಡೆ ಎಲ್ಲೋ ಕಳೆದಿದ್ದವು, ಹುಣಸೆ ಬೀಜವೇ ಸೀಳಿದರಂತೆ.

ಇಷ್ಟು ನನ್ನ ಲೆಕ್ಕ. ನಿಮ್ಮ ಮೊದಲ ಆಟ ಯಾವುದು? ಕಲಿಸಿದವರು ಯಾರು? ಮತ್ತೆ, ಮನಸ್ಸಿದ್ದರೆ ಹೇಳಿ, ಅದಕ್ಕೆ ದುಡ್ಡು ಕೊಟ್ಟವರು ಯಾರು?